ಮಣ್ಣಿನಿಂದ ಕುಣಿತದವರೆಗೆ: ಪುರುಲಿಯಾ ಛೌ ರೀತಿಯಲ್ಲಿ ಕಿರಾತನ ಮುಖವಾಡ ಮಾಡುವುದು, ಕಟ್ಟುವುದು, ಕುಣಿಯುವುದು

ಪಶ್ಚಿಮ ಬಂಗಾಳದ ಪುರುಲಿಯಾ ಜಿಲ್ಲೆಯಲ್ಲಿ, ಅಯೋಧ್ಯಾ ಬೆಟ್ಟದ ಬುಡದಲ್ಲಿ, ಚರಿದಾ ಅಂತ ಒಂದು ಹಳ್ಳಿ ಇದೆ. ಬಾಘ್‌ಮುಂಡಿ ಪಕ್ಕದ ಊರು. ಅಲ್ಲಿಯ ಬೀದಿಯ ಎರಡೂ ಬದಿ ಮನೆಗಳ ಮುಂದೆ ದುರ್ಗೆ, ಗಣೇಶ, ಮಹಿಷಾಸುರ, ಹುಲಿ, ಸಿಂಹ ಬಿಸಿಲಿಗೆ ಒಣಗುತ್ತಾ ಕೂತಿರುತ್ತವೆ. ಛೌ ಕುಣಿತದ ಮುಖವಾಡಗಳು ಹುಟ್ಟುವ ಜಾಗ ಅದು.

ಛೌನಲ್ಲಿ ಮೂರು ಬಗೆ ಇದೆ. ಜಾರ್ಖಂಡಿನ ಸೆರಾಯಿಕೆಲಾದ್ದು, ಒಡಿಶಾದ ಮಯೂರ್‌ಭಂಜ್‌ದು, ಪುರುಲಿಯಾದ್ದು. ಮೂರನ್ನೂ ಸೇರಿಸಿ ಯುನೆಸ್ಕೊ 2010ರಲ್ಲಿ ತನ್ನ ಪಾರಂಪರಿಕ ಕಲೆಗಳ ಪಟ್ಟಿಗೆ ಹಾಕಿತು. ಮಯೂರ್‌ಭಂಜ್‌ನಲ್ಲಿ ಮುಖವಾಡ ಇಲ್ಲ. ಸೆರಾಯಿಕೆಲಾದ್ದು ಚಿಕ್ಕದು, ಮುಖಕ್ಕೆ ಅಂಟಿದ ಹಾಗೆ ಕೂರುವಂಥದ್ದು, ಬಣ್ಣವೂ ಮೆದು. ಪುರುಲಿಯಾದ್ದು ದೊಡ್ಡ ಕಣ್ಣು, ದಪ್ಪ ಮೀಸೆ, ಅದರ ಮೇಲೆ ಜರಿ, ಮಣಿ, ಗರಿಗಳ ಭಾರಿ ಕಿರೀಟ. ಇಷ್ಟನ್ನೂ ಹೊತ್ತುಕೊಂಡು ಕುಣಿಯುವವನು ಗಾಳಿಗೆ ಹಾರಿ ಮಂಡಿಯ ಮೇಲೆ ಬೀಳುತ್ತಾನೆ.

ಈ ಬರಹದಲ್ಲಿ ಚರಿದಾದ ಕ್ರಮವನ್ನು ಮನೆಯಲ್ಲಿ ಮಾಡಲು ಆಗುವ ಮಟ್ಟಕ್ಕೆ ತಂದು ಹಂತ ಹಂತವಾಗಿ ಹೇಳುತ್ತೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಗೋಡೆಗೆ ನೇತುಹಾಕುವ ಅಲಂಕಾರ ಮಾಡುವ ಪಾಠ ಅಲ್ಲ. ಕುಣಿಯಲು ಆಗದ ಮುಖವಾಡ ಎಷ್ಟು ಚೆಂದ ಇದ್ದರೂ ಅರ್ಧ ಕೆಲಸ ಅಂತಲೇ ನನ್ನ ಅಭಿಪ್ರಾಯ. ಹಾಗಾಗಿ ಪ್ರತಿ ಹಂತದಲ್ಲೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಕಟ್ಟಿಕೊಂಡು ಉಸಿರಾಡಬಹುದಾ, ನೋಡಬಹುದಾ, ಹಾರಬಹುದಾ?

ಶುರು ಮಾಡುವ ಮೊದಲು: ಇದು ಯಾರ ಕಲೆ?

ಛೌ ಆದಿವಾಸಿ ಕಲೆ ಅಂತ ಸುಮ್ನೆ ಹೇಳಿಬಿಡುತ್ತೇವೆ. ನಿಜ ಸ್ವಲ್ಪ ಬೇರೆ, ಇನ್ನೂ ಚೆಂದ. ಕುಣಿಯುವವರಲ್ಲಿ ಭೂಮಿಜ್, ಮುಂಡಾ, ಸಂತಾಲ್ ಆದಿವಾಸಿಗಳಿದ್ದಾರೆ, ಕುಡ್ಮಿ ಮಹತೋಗಳಿದ್ದಾರೆ, ಬೇರೆ ರೈತಾಪಿ ಜನರೂ ಇದ್ದಾರೆ. ಧಾಮ್ಸಾ ಅನ್ನುವ ದೊಡ್ಡ ನಗಾರಿ, ಢೋಲು, ಶಹನಾಯಿ ನುಡಿಸುವವರು ಹೆಚ್ಚಾಗಿ ಡೋಮ್ ಸಮುದಾಯದವರು. ಮುಖವಾಡ ಮಾಡುವವರು ಸೂತ್ರಧರರು. ಅವರು ಮೂಲದಲ್ಲಿ ಬಡಗಿಗಳು, ಆದಿವಾಸಿಗಳಲ್ಲ. ಬಾಘ್‌ಮುಂಡಿಯ ರಾಜಮನೆತನ ಅವರನ್ನು ಕರೆಸಿ ನೆಲೆ ಕೊಟ್ಟಿತು ಅಂತ ಅಲ್ಲಿಯ ನಂಬಿಕೆ. ಹೀಗೆ ಒಬ್ಬರ ಮಣ್ಣು, ಇನ್ನೊಬ್ಬರ ಮೈ, ಮತ್ತೊಬ್ಬರ ತಾಳ ಸೇರಿ ಒಂದು ಛೌ ಆಗುತ್ತದೆ.

ಬಾಘ್‌ಮುಂಡಿ ಸೀಮೆಯ ಆದಿವಾಸಿ ಕಲಾವಿದ ಗಂಭೀರ್ ಸಿಂಗ್ ಮುಡಾ ಅವರಿಗೆ 1981ರಲ್ಲಿ ಪದ್ಮಶ್ರೀ ಬಂತು. ಮುಖವಾಡ ಮಾಡಿದ ಕೈಗೆ ಅದೇ ಗೌರವ ಸಿಗಲು 2024 ಬರಬೇಕಾಯಿತು. ಚರಿದಾದ ನೇಪಾಲ್ ಚಂದ್ರ ಸೂತ್ರಧರ್ ಅವರಿಗೆ ಪದ್ಮಶ್ರೀ ಘೋಷಣೆ ಆಗುವಾಗ ಅವರು ತೀರಿಕೊಂಡಾಗಿತ್ತು. ನನಗೆ ಈ ವಿಷಯ ಈಗಲೂ ನೋವು ಕೊಡುತ್ತದೆ.

ಇನ್ನೊಂದು ಮಾತು. ನಮ್ಮ ತುಳುನಾಡಿನ ದೈವದ ಮೊಗವನ್ನು ಮನೆಯಲ್ಲಿ ಕಲಿಕೆಗೆ ಅಂತ ಮಾಡಬೇಡಿ. ಅದು ದೈವದ್ದು, ಭಂಡಾರದಲ್ಲಿ ಇರುವಂಥದ್ದು. ಸೋಮನ ಕುಣಿತದ ಸೋಮಗಳೂ ಗುಡಿಗೆ ಸೇರಿದವು. ಪುರುಲಿಯಾದ ಮುಖವಾಡದ ಲೆಕ್ಕ ಬೇರೆ. ಅದನ್ನು ಮೇಳಗಳು ಅಂಗಡಿಯಲ್ಲೇ ಕೊಳ್ಳುತ್ತವೆ, ಹಳತಾದರೆ ಹೊಸದು ತರುತ್ತವೆ. ಮನೆಯಲ್ಲಿ ಮಾಡಿ ಕಲಿಯುವುದರಲ್ಲಿ ತಪ್ಪಿಲ್ಲ. ಆದರೆ ನೀವು ಮಾಡಿದ್ದನ್ನು 'ಪುರುಲಿಯಾ ಛೌ ಮುಖವಾಡ' ಅಂತ ಮಾರಬೇಡಿ. 2018ರಲ್ಲಿ ಆ ಹೆಸರಿಗೆ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಅದು ಆ ಊರಿನ ಅನ್ನ.

ಯಾವ ಮುಖ?

ಮೊದಲ ಸಲಕ್ಕೆ ಕಿರಾತನನ್ನು ಆರಿಸಿಕೊಳ್ಳಿ. ಛೌನಲ್ಲಿ 'ಕಿರಾತ್-ಅರ್ಜುನ್' ಅನ್ನುವ ಪಾಲಾ ಇದೆ. ಪಾಲಾ ಅಂದರೆ ನಮ್ಮ ಯಕ್ಷಗಾನದ ಪ್ರಸಂಗ ಇದ್ದ ಹಾಗೆ. ಶಿವ ಬೇಡನಾಗಿ ಬರುತ್ತಾನೆ, ಪಾರ್ವತಿ ಬೇಡತಿಯಾಗುತ್ತಾಳೆ. ಹಂದಿಗೆ ಶಿವ, ಅರ್ಜುನ ಇಬ್ಬರ ಬಾಣವೂ ತಗಲುತ್ತದೆ, ಅಲ್ಲಿಂದ ಜಗಳ. ಕಥೆ ನಮಗೆ ಗೊತ್ತಿದ್ದೇ, ಅಲ್ವಾ?

ಕಿರಾತ ಯಾಕೆ ಅಂದರೆ ಅವನಿಗೆ ದೊಡ್ಡ ಕಿರೀಟ ಬೇಡ. ನಾಲ್ಕು ಗರಿ, ಒಂದು ಪಟ್ಟಿ ಇದ್ದರೆ ಸಾಕು. ದುರ್ಗೆಗೆ ಕೈ ಹಾಕಿದರೆ ಕಣ್ಣು, ತುಟಿ, ಕಿರೀಟ ಎಲ್ಲವೂ ನಯವಾಗಿ ಬರಬೇಕು. ಹೊಸಬರಿಗೆ ಕಷ್ಟ. ಬೇಡನ ಮುಖ ಸ್ವಲ್ಪ ಒರಟಾದರೂ ನಡೆಯುತ್ತದೆ.

ಬೇಕಾದ ಸಾಮಾನು

ಜೇಡಿಮಣ್ಣು ನಾಲ್ಕೈದು ಕೆಜಿ. ಕುಂಬಾರರ ಹತ್ತಿರ ಕೇಳಿದರೆ ಹದ ಮಾಡಿದ್ದೇ ಸಿಗುತ್ತದೆ, ಗಣಪತಿ ಮಾಡುವವರ ಬಳಿಯೂ ಇರುತ್ತದೆ. ಜರಡಿ ಹಿಡಿದ ಒಲೆ ಬೂದಿ ಒಂದು ಬಟ್ಟಲು. ಹಳೆ ನ್ಯೂಸ್‌ಪೇಪರ್. ಮೈದಾ. ಮೆತ್ತಗಾದ ಹಳೆ ಪಂಚೆ. ಬಿಳಿ ಜೇಡಿ ಅಥವಾ ಸೀಮೆಸುಣ್ಣದ ಪುಡಿ. ಬಣ್ಣ, ಕುಂಚ, ದಾರ, ತೆಳು ತಂತಿ. ಒಂದು ಮರದ ಹಲಗೆ. ತಿಕ್ಕಲು ಒಂದು ನುಣುಪಾದ ಮರದ ತುಂಡು. ಚರಿದಾದಲ್ಲಿ ಆ ತುಂಡಿಗೆ 'ಥಾಪಿ' ಅನ್ನುತ್ತಾರೆ. ನನಗೆ ಹಳೆ ಮರದ ಚಮಚದ ಬೆನ್ನು ಚೆನ್ನಾಗಿ ಒದಗಿ ಬಂತು.

ದಿನದ ಲೆಕ್ಕ ಹೇಳುವುದಾದರೆ ಒಂದು ವಾರ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಕೈ ಹಾಕಬೇಡಿ.

ಹಂತ 1: ಮಣ್ಣಿನ ಮುಖ

ಇದಕ್ಕೆ ಅಲ್ಲಿ 'ಮಾಟಿ ಗಡಾ' ಅನ್ನುತ್ತಾರೆ, ಮಣ್ಣು ರೂಪಿಸುವುದು ಅಂತ.

ಮೊದಲು ಕುಣಿಯುವವರ ಮುಖ ಅಳೆಯಿರಿ. ಹಣೆಯ ಮೇಲಿನ ಕೂದಲ ಗೆರೆಯಿಂದ ಗಲ್ಲದವರೆಗೆ ಒಂದು ಅಳತೆ, ಒಂದು ಕಿವಿಯ ಮುಂದಿನಿಂದ ಇನ್ನೊಂದು ಕಿವಿಯ ಮುಂದಿನವರೆಗೆ ಒಂದು ಅಳತೆ. ಎರಡಕ್ಕೂ ಎರಡೆರಡು ಸೆಂಟಿಮೀಟರ್ ಸೇರಿಸಿ. ಎರಡು ಕಣ್ಣುಪಾಪೆಗಳ ನಡುವಿನ ದೂರವನ್ನು ಬೇರೆಯಾಗಿ ಬರೆದುಕೊಳ್ಳಿ. ಇದನ್ನು ಮರೆತರೆ ಕೊನೆಯಲ್ಲಿ ತೂತು ಒಂದು ಕಡೆ, ಕಣ್ಣು ಇನ್ನೊಂದು ಕಡೆ ಆಗುತ್ತದೆ.

ಹಲಗೆಯ ಮೇಲೆ ಮಣ್ಣನ್ನು ಮೊಟ್ಟೆ ಆಕಾರದ ದಿಬ್ಬವಾಗಿ ಏರಿಸಿ. ನಡುವೆ ಎತ್ತರ, ಅಂಚಿಗೆ ಇಳಿಜಾರು. ಅಂಚು ಒಳಗೆ ಮಡಚಿಕೊಂಡರೆ ಆಮೇಲೆ ಮುಖವಾಡ ಮಣ್ಣಿನಿಂದ ಕಳಚುವುದಿಲ್ಲ. ಮೂಗನ್ನು ಕೆಳಗೆ ಅಗಲ ಮಾಡಿ, ಹುಬ್ಬಿನ ಗೆರೆ ದಪ್ಪವಾಗಿ ತನ್ನಿ, ಕೆನ್ನೆ ತುಂಬಿಸಿ. ಈಗಲೇ ಸೂಕ್ಷ್ಮ ಕೆಲಸ ಬೇಡ. ಎಂಟು ಹತ್ತು ಪದರ ಕಾಗದ ಮೇಲೆ ಬಂದಾಗ ಚಿಕ್ಕ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ.

ಮೂಗನ್ನು ನಿಮ್ಮ ಮೂಗಿಗಿಂತ ಸ್ವಲ್ಪ ಮುಂದಕ್ಕೆ ತನ್ನಿ. ಒಳಗೆ ಗಾಳಿಯಾಡಲು ಜಾಗ ಬೇಕು.

ನೆರಳಲ್ಲಿ ಒಂದು ದಿನ ಬಿಡಿ. ಒತ್ತಿದರೆ ಬೆರಳಚ್ಚು ಮೂಡಬಾರದು, ಆದರೆ ಪೂರ್ತಿ ಕಲ್ಲಾಗಿಯೂ ಇರಬಾರದು. ನಾನು ಮೊದಲನೆಯದನ್ನು ಆತುರದಲ್ಲಿ ಮಧ್ಯಾಹ್ನದ ಬಿಸಿಲಿಗೆ ಇಟ್ಟೆ. ಸಂಜೆ ನೋಡಿದರೆ ಹಣೆಯಿಂದ ಗಲ್ಲದವರೆಗೆ ಬಿರುಕು ಬಿಟ್ಟಿತ್ತು.

ಹಂತ 2: ಬೂದಿ

ಮಣ್ಣಿನ ಮುಖದ ಮೇಲೆಲ್ಲ ಬೂದಿ ಸವರಿ. ಮೂಗಿನ ಪಕ್ಕ, ತುಟಿಯ ಕೆಳಗೆ, ಅಂಚಿಗೆ, ಎಲ್ಲ ಕಡೆ. ಕಾಗದ ಮಣ್ಣಿಗೆ ಅಂಟಿಕೊಳ್ಳದಂತೆ ತಡೆಯುವುದು ಈ ಬೂದಿಯೇ. ಕೆಲಸ ಇಷ್ಟೇ, ಆದರೆ ಬಿಟ್ಟರೆ ಮುಂದಿನದೆಲ್ಲ ಹಾಳು.

ಹಂತ 3: ಕಾಗದ

ಗೋಂದು ಹೀಗೆ ಮಾಡಿ. ಒಂದು ಲೋಟ ಮೈದಾವನ್ನು ತಣ್ಣೀರಲ್ಲಿ ಗಂಟಿಲ್ಲದ ಹಾಗೆ ಕಲಸಿ. ನಾಲ್ಕು ಲೋಟ ಕುದಿಯುವ ನೀರಿಗೆ ಸುರಿಯುತ್ತಾ ಕೈಯಾಡಿಸಿ. ಗಂಜಿಯ ಹದಕ್ಕೆ ಬಂದಾಗ ಇಳಿಸಿ. ಹುಳ ಹಿಡಿಯದಿರಲಿ ಅಂತ ಮೈಲುತುತ್ತ ಹಾಕುವ ರೂಢಿ ಇದೆ. ಅದು ವಿಷ, ಮಕ್ಕಳ ಜೊತೆ ಮಾಡುವಾಗ ಬೇಡವೇ ಬೇಡ. ಬೇವಿನ ಸೊಪ್ಪು ಕುದಿಸಿದ ನೀರಲ್ಲೇ ಗೋಂದು ಮಾಡಿದರೆ ಆಯಿತು.

ಪೇಪರನ್ನು ಕತ್ತರಿಯಿಂದ ಕತ್ತರಿಸಬೇಡಿ, ಕೈಯಲ್ಲಿ ಹರಿಯಿರಿ. ಹರಿದ ಅಂಚು ತೆಳುವಾಗಿರುತ್ತದೆ, ಒಂದರ ಮೇಲೊಂದು ಗುರುತು ಕಾಣದಂತೆ ಕೂರುತ್ತದೆ. ಎರಡು ಬೆರಳು ಅಗಲದ ಚೂರು ಸಾಕು, ಮೂಗಿನ ಹತ್ತಿರ ಇನ್ನೂ ಚಿಕ್ಕದು. ಮೊದಲ ಪದರವನ್ನು ಬರೀ ನೀರಲ್ಲಿ ನೆನೆಸಿ ಹಾಕುವುದು ನನ್ನ ಅಭ್ಯಾಸ. ಎರಡನೆಯದರಿಂದ ಗೋಂದು. ಒಂದು ಪದರ ಅಡ್ಡಕ್ಕೆ ಹಾಕಿದರೆ ಮುಂದಿನದು ಉದ್ದಕ್ಕೆ. ಪ್ರತಿ ಚೂರಿನ ಕೆಳಗಿನ ಗಾಳಿಯನ್ನು ಹೆಬ್ಬೆರಳಿಂದ ಹೊರಗೆ ತಳ್ಳಿ.

ಎಂಟರಿಂದ ಹತ್ತು ಪದರ ಬೇಕು. ಐದಕ್ಕೆ ನಿಲ್ಲಿಸುವ ಆಸೆ ಆಗುತ್ತದೆ, ನಿಲ್ಲಿಸಬೇಡಿ. ಐದು ಪದರದ ಮುಖವಾಡ ಗೋಡೆಗೆ ಸರಿ. ಬೆವರು ಕುಡಿದ ಮೇಲೆ ಅದು ಮೆತ್ತಗಾಗಿ ಕೆನ್ನೆಯ ಹತ್ತಿರ ಕುಸಿಯುತ್ತದೆ. ಹಾಗಂತ ಹದಿನೈದು ಹಾಕಿದರೆ ತೂಕ ಕತ್ತಿನ ಮೇಲೆ ಬೀಳುತ್ತದೆ. ಅಂಚಿಗೆ ಮಾತ್ರ ಎರಡು ಪದರ ಜಾಸ್ತಿ ಇರಲಿ, ದಾರದ ಎಳೆತ ತಡೆಯುವುದು ಅದೇ.

ಹಂತ 4: ಕಬಿಜ್ ಮತ್ತು ಬಟ್ಟೆ

ಚರಿದಾದ ಮುಖವಾಡಕ್ಕೆ ನಿಜವಾದ ಜೀವ ಬರುವುದು ಇಲ್ಲಿ. ಜೇಡಿಮಣ್ಣನ್ನು ನೀರಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ಮಜ್ಜಿಗೆಗಿಂತ ಗಟ್ಟಿ, ದೋಸೆ ಹಿಟ್ಟಿಗಿಂತ ಸ್ವಲ್ಪ ತೆಳು ಮಾಡಿಕೊಳ್ಳಬೇಕು. ಈ ಮಣ್ಣಿನ ಬಗ್ಗಡಕ್ಕೆ 'ಕಬಿಜ್' ಅನ್ನುತ್ತಾರೆ. ಒಣಗಿದ ಕಾಗದದ ಮೇಲೆ ಇದನ್ನು ತೆಳುವಾಗಿ ಬಳಿಯಿರಿ. ಈಗ ಕಣ್ಣಿನ ರೆಪ್ಪೆ, ಮೂಗಿನ ಹೊಳ್ಳೆ, ತುಟಿಯ ಗೆರೆ, ಹುಬ್ಬು ಇವನ್ನು ಗಟ್ಟಿ ಮಣ್ಣಿನಿಂದ ತಿದ್ದಿ. ಕಾಗದ ಮುಚ್ಚಿಹಾಕಿದ್ದನ್ನೆಲ್ಲ ಈಗ ವಾಪಸ್ ತರುತ್ತೀರಿ.

ಕಿರಾತನಿಗೆ ಕಣ್ಣು ಅಗಲ ಇರಲಿ, ಆದರೆ ರಾಕ್ಷಸನ ಹಾಗೆ ಹೊರಗೆ ಉಬ್ಬದಿರಲಿ. ಅವನು ಬೇಡ ಹೌದು, ಒಳಗೆ ಶಿವನೂ ಹೌದು. ಹುಬ್ಬು ಗಂಟಿಕ್ಕಿರಲಿ, ತುಟಿಯ ತುದಿಯಲ್ಲಿ ಒಂದೇ ಒಂದು ಎಳೆ ನಗು ಇರಲಿ.

ಆಮೇಲೆ ಪಂಚೆ ಬಟ್ಟೆಯ ಚೂರುಗಳನ್ನು ಅದೇ ಬಗ್ಗಡದಲ್ಲಿ ಅದ್ದಿ ಇಡೀ ಮುಖಕ್ಕೆ ಒಂದು ಪದರ ಹೊದಿಸಿ. ಈ ಬಟ್ಟೆಯೇ ಬಿರುಕು ತಡೆಯುತ್ತದೆ. ಕುಣಿಯುವವನು ಬಿದ್ದಾಗ ಮುಖವಾಡ ಒಡೆಯದೆ ಉಳಿಯುವುದಕ್ಕೆ ಇದರ ಪಾಲು ದೊಡ್ಡದು. ಸ್ವಲ್ಪ ಒಣಗಿದ ಮೇಲೆ ಥಾಪಿಯಿಂದ ಉಜ್ಜಿ. ಜೋರಾಗಿ ಅಲ್ಲ, ಮಗುವಿನ ಬೆನ್ನು ಸವರಿದ ಹಾಗೆ. ಮುಖ ಮಿನುಗುವವರೆಗೆ ಉಜ್ಜಬೇಕು. ನಾನಂತೂ ಒಂದು ಗಂಟೆ ಕೂತಿದ್ದೆ.

ಈಗ ಬಿಸಿಲಿಗೆ ಇಡಬಹುದು. ಎರಡು ಮೂರು ದಿನ. ಬೆಳಗಿನ ಬಿಸಿಲು ಒಳ್ಳೆಯದು.

ಹಂತ 5: ಕಳಚುವುದು, ತೂತು ಕೊರೆಯುವುದು

ಬೆರಳಿಂದ ತಟ್ಟಿ. ಒದ್ದೆ ಇದ್ದರೆ ಮಂಕು ಸದ್ದು, ಒಣಗಿದ್ದರೆ ಟೊಳ್ಳು ಸದ್ದು. ಒಣಗಿದ್ದು ಖಾತ್ರಿ ಆದ ಮೇಲೆ ಅಂಚಿನ ಸುತ್ತ ತೆಳು ಚಾಕು ಆಡಿಸಿ, ಹಲಗೆಯ ಕಡೆಯಿಂದ ಮಣ್ಣನ್ನು ಚೂರು ಚೂರಾಗಿ ಕೆರೆದು ತೆಗೆಯಿರಿ. ಮುಖವಾಡ ಎಳೆಯಬೇಡಿ, ಮಣ್ಣನ್ನೇ ಒಡೆದು ತೆಗೆಯುವುದು ಕ್ಷೇಮ. ತೆಗೆದ ಮಣ್ಣನ್ನು ಬಕೆಟ್ಟಿನಲ್ಲಿ ನೀರು ಹಾಕಿ ನೆನೆಯಿಡಿ, ಅದು ಮತ್ತೆ ಬರುತ್ತದೆ.

ಒಳಗಿನ ಮಣ್ಣು, ಬೂದಿ ಒರೆಸಿ, ಒಳಮುಖಕ್ಕೂ ಒಂದು ಪದರ ಕಾಗದ ಅಂಟಿಸಿ. ಇಲ್ಲದಿದ್ದರೆ ಬೆವರಿದಾಗ ಬೂದಿ ಕಣ್ಣಿಗೆ ಇಳಿಯುತ್ತದೆ.

ಕಣ್ಣು, ಮೂಗು ಚುಚ್ಚುವ ಹಂತಕ್ಕೆ ಅವರು 'ಖುಶ್ನಿ ಖೋಂಚಾ' ಅನ್ನುತ್ತಾರೆ. ಬರೆದಿಟ್ಟ ಅಳತೆ ಈಗ ತೆಗೆಯಿರಿ. ತೂತು ಬರಬೇಕಾದ್ದು ಮುಖವಾಡದ ಕಣ್ಣುಪಾಪೆಯ ಜಾಗದಲ್ಲಿ. ಮೊದಲು ಚಿಕ್ಕದಾಗಿ ಕೊರೆದು, ಮುಖಕ್ಕೆ ಹಿಡಿದು ನೋಡಿ, ಆಮೇಲೆ ಸ್ವಲ್ಪ ಸ್ವಲ್ಪ ಅಗಲ ಮಾಡಿ. ಹೊರಗಡೆಗಿಂತ ಒಳಗಡೆ ಅಗಲ ಇರುವಂತೆ ಓರೆಯಾಗಿ ಕೊರೆದರೆ ನೋಡುವವರಿಗೆ ತೂತು ಚಿಕ್ಕದು, ಒಳಗಿರುವವರಿಗೆ ನೋಟ ದೊಡ್ಡದು. ಮೂಗಿನ ಹೊಳ್ಳೆ ಎರಡೂ ತೆರೆಯಿರಿ. ತುಟಿಗಳ ನಡುವೆಯೂ ಒಂದು ಸೀಳು ಬಿಡಿ, ಮೊದಲ ಸಲ ಕುಣಿಯುವವರಿಗೆ ಅದು ದೊಡ್ಡ ಆಸರೆ. ಕಿವಿಯ ಮಟ್ಟದಲ್ಲಿ ಎರಡು ಕಡೆ ದಾರದ ತೂತು, ಹಣೆಯ ಮೇಲೆ ಒಂದು.

ಕಟ್ಟಿಕೊಂಡು ನಿಂತು, ನಿಮ್ಮ ಕಾಲಿನ ಮುಂದೆ ಮೂರು ಹೆಜ್ಜೆ ದೂರದ ನೆಲ ಕಾಣುತ್ತದಾ ನೋಡಿ. ಕಾಣದಿದ್ದರೆ ತೂತಿನ ಕೆಳಗಿನ ಅಂಚನ್ನು ಇನ್ನಷ್ಟು ಕೊರೆಯಿರಿ. ಬಣ್ಣ ಹಚ್ಚಿದ ಮೇಲೆ ಕೊರೆಯಲು ಯಾರಿಗೂ ಮನಸ್ಸು ಬರುವುದಿಲ್ಲ.

ಹಂತ 6: ಬಣ್ಣ, ಗರಿ

ಮೊದಲು ಬಿಳಿ ಜೇಡಿಯನ್ನು ಅಂಟಿನಲ್ಲಿ ಕಲಸಿ ಎರಡು ಕೋಟು ಕೊಡಿ. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ಪುಡಿ ಮಾಡಿ ಕುದಿಸಿದ ಅಂಟು ಇದಕ್ಕೆ ಒಳ್ಳೆಯದು. ನಮ್ಮ ಕೊಪ್ಪಳದ ಕಿನ್ನಾಳದ ಚಿತ್ರಗಾರರೂ ಗೊಂಬೆ ಕೆಲಸಕ್ಕೆ ಹುಣಸೆ ಬೀಜದ ಅಂಟು ಬಳಸುತ್ತಾರೆ.

ಪುರುಲಿಯಾದಲ್ಲಿ ಬಣ್ಣಕ್ಕೆ ಕ್ರಮ ಇದೆ. ಶಿವ, ಸರಸ್ವತಿಗೆ ಬಿಳಿ. ಲಕ್ಷ್ಮಿ, ಕಾರ್ತಿಕನಿಗೆ ತಿಳಿ ಹಳದಿ ಅಥವಾ ಕಿತ್ತಳೆ. ರಾಮ, ಕೃಷ್ಣನಿಗೆ ಹಸಿರು ಇಲ್ಲವೇ ನೀಲಿ. ಅಸುರರಿಗೆ ಕಪ್ಪು, ಗಾಢ ಹಸಿರು, ಜೊತೆಗೆ ದಪ್ಪ ಮೀಸೆ. ನಮ್ಮ ಕಿರಾತನಿಗೆ ಕಂದು ಮೈಬಣ್ಣ, ಕಪ್ಪು ಹುಬ್ಬು, ಹಣೆಗೆ ಗೆರೆ ಇಡಿ. ಕಣ್ಣು ಕೊನೆಗೆ. ಕಣ್ಣು ಬರೆಯುವ ದಿನ ಬೇರೆ ಕೆಲಸ ಇಟ್ಟುಕೊಳ್ಳಬೇಡಿ.

ಗರಿಗಳನ್ನು ತೆಳು ತಂತಿಗೆ ಕಟ್ಟಿ, ಪಟ್ಟಿಗೆ ಹೊಲಿದು, ಹಣೆಯ ಹಿಂದೆ ಕೂರಿಸಿ. ಮುಂದೆ ಕೂರಿಸಿದರೆ ಮುಖವಾಡ ಮುಂದಕ್ಕೆ ವಾಲುತ್ತದೆ. ಕೋಳಿ ಗರಿ ಸಾಕು.

ಹಂತ 7: ಕಟ್ಟುವುದು

ತಲೆಗೆ ಮೊದಲು ಹತ್ತಿಯ ಟವೆಲ್ ಬಿಗಿಯಾಗಿ ಸುತ್ತಿ. ಹಣೆ ಮತ್ತು ಗಲ್ಲದ ಹತ್ತಿರ ಮಡಚಿದ ಬಟ್ಟೆಯ ಮೆತ್ತೆ ಇಡಿ. ಮುಖವಾಡ ಮೂಗಿಗೆ ತಾಗಬಾರದು. ದಾರ ಕಟ್ಟಿದ ಮೇಲೆ ತಲೆಯನ್ನು ನಾಲ್ಕು ಸಲ ಜೋರಾಗಿ ಅಲ್ಲಾಡಿಸಿ. ಮುಖವಾಡ ನಿಮಗಿಂತ ತಡವಾಗಿ ತಿರುಗಿದರೆ ಇನ್ನೂ ಸಡಿಲ ಇದೆ ಅಂತ ಅರ್ಥ.

ಮೊದಲ ದಿನ ಎರಡು ನಿಮಿಷ ಸಾಕು. ಆಮೇಲೆ ಐದು. ಒಳಗೆ ಬಿಸಿ ಏರುತ್ತದೆ, ಉಸಿರು ಕಟ್ಟಿದಂತಾಗುತ್ತದೆ. ಸೆರಾಯಿಕೆಲಾದ ಒಂದೊಂದು ನೃತ್ಯ ಹತ್ತು ನಿಮಿಷದೊಳಗೆ ಮುಗಿಯುವುದಕ್ಕೂ ಮುಖವಾಡದೊಳಗಿನ ಈ ಉಸಿರೇ ಕಾರಣ. ಆಸ್ತಮಾ ಇರುವವರು ದಯವಿಟ್ಟು ತಾಳ ಹಾಕುವ ಕೆಲಸ ತೆಗೆದುಕೊಳ್ಳಿ.

ಹಂತ 8: ಕುಣಿತ

ಶುರುವಿನ ಅಭ್ಯಾಸ ಮುಖವಾಡ ಇಲ್ಲದೆ ನಡೆಯಲಿ. ಮಯೂರ್‌ಭಂಜ್‌ನ ಕಲಾವಿದರು ಬರಿಮುಖದಲ್ಲಿ ಕುಣಿದರೂ ಮುಖದಲ್ಲಿ ಭಾವ ತೋರಿಸುವುದಿಲ್ಲ. ಅದೇ ಪಾಠ. ಮುಖ ಸುಮ್ಮನಿರಲಿ, ಸಿಟ್ಟು ಹೆಗಲಿಗೆ ಬರಲಿ, ಸಂತೋಷ ಪಾದಕ್ಕೆ ಇಳಿಯಲಿ. ಸೆರಾಯಿಕೆಲಾ ಮತ್ತು ಮಯೂರ್‌ಭಂಜ್ ಛೌನಲ್ಲಿ 'ಉಫ್ಲಿ' ಅನ್ನುವ 36 ಚಲನೆಗಳಿವೆ. ಸಗಣಿ ಕಲಸುವುದು, ಪಾತ್ರೆ ತಿಕ್ಕುವುದು, ರಂಗೋಲಿ ಇಡುವುದು, ಹೀಗೆ ಮನೆಗೆಲಸದಿಂದ ಬಂದವು ಎಷ್ಟೋ. ಅವನ್ನು ಕಾಲಲ್ಲಿ ಮಾಡಿ ತೋರಿಸುತ್ತಾರೆ! ನೀವೂ ಹಾಗೇ ಶುರು ಮಾಡಿ. ಅಂಗಳ ಸಾರಿಸುವುದನ್ನು ಬಲಗಾಲಿನಿಂದ ಮಾಡಿ ನೋಡಿ, ಎಡಗಾಲಿನ ಮೇಲೆ ಸಮತೋಲ ಎಷ್ಟು ಬೇಕು ಅಂತ ಗೊತ್ತಾಗುತ್ತದೆ.

ಪುರುಲಿಯಾದಲ್ಲಿ ನಡಿಗೆಗೆ 'ಚಾಲ್' ಅನ್ನುತ್ತಾರೆ. ದೇವರ ಚಾಲ್ ಬೇರೆ, ಅಸುರನದ್ದು ಬೇರೆ, ಪ್ರಾಣಿಗಳದ್ದು ಬೇರೆ. ಕಿರಾತನ ನಡಿಗೆ ಹೀಗೆ ಕಟ್ಟಿಕೊಳ್ಳಿ: ಮಂಡಿ ಬಗ್ಗಿರಲಿ, ಎರಡು ಹೆಜ್ಜೆ ಮೆಲ್ಲಗೆ, ಮೂರನೆಯದಕ್ಕೆ ನಿಂತು ತಲೆ ಪಕ್ಕಕ್ಕೆ ಝಟ್ಟನೆ ತಿರುಗಲಿ, ನಾಲ್ಕಕ್ಕೆ ಹೆಗಲು ಅದುರಲಿ. ಹೆಗಲು ಮತ್ತು ಎದೆಯನ್ನು ವೇಗವಾಗಿ ಅದುರಿಸುವುದು ಪುರುಲಿಯಾದ ಗುರುತು. ದೂರ ಕೂತವರಿಗೆ ಮುಖವಾಡವೇ ಉಸಿರಾಡುತ್ತಿದೆ ಅನ್ನಿಸುವುದು ಇದರಿಂದಲೇ.

ಈಗ ಮುಖವಾಡ ಕಟ್ಟಿ ಕನ್ನಡಿ ಮುಂದೆ ನಿಲ್ಲಿ. ಗಲ್ಲ ಎರಡು ಬೆರಳು ಕೆಳಗಿಳಿಸಿ, ಕಿರಾತ ಯೋಚನೆಗೆ ಬೀಳುತ್ತಾನೆ. ಮೇಲೆತ್ತಿ, ಸವಾಲು ಹಾಕುತ್ತಾನೆ. ಬಣ್ಣ ಅದೇ, ಗೆರೆ ಅದೇ. ಕತ್ತು ಮಾತ್ರ ಬದಲಾಯಿತು. ಮಣ್ಣಿನಲ್ಲಿ ತುಟಿಯ ತುದಿಗೆ ಯಾಕೆ ಅಷ್ಟು ಒದ್ದಾಡಿದೆವು ಅಂತ ಆಗ ತಿಳಿಯುತ್ತದೆ.

ಹಾರಿ ಮಂಡಿಯ ಮೇಲೆ ಬೀಳುವುದನ್ನು ಗುರು ಇಲ್ಲದೆ ಮಾಡಬೇಡಿ. ಅವರು ಚಿಕ್ಕಂದಿನಿಂದ ಮಣ್ಣಿನ ನೆಲದಲ್ಲಿ ಕಲಿತವರು. ನಮ್ಮ ಮನೆಯ ಟೈಲ್ಸ್ ಮೇಲೆ ಅದು ಮಂಡಿಚಿಪ್ಪಿನ ಲೆಕ್ಕ.

ಕಾಪಾಡುವುದು, ನೋಡಲು ಹೋಗುವುದು

ಕುಣಿದ ಮೇಲೆ ಒಳಗಿನ ಬೆವರನ್ನು ಒಣ ಬಟ್ಟೆಯಲ್ಲಿ ಒತ್ತಿ, ನೆರಳಲ್ಲಿ ಮೇಲ್ಮುಖ ಮಾಡಿ ಒಣಗಿಸಿ. ಒಣಬೇವಿನ ಎಲೆ ಹಾಕಿದ ಬಟ್ಟೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಚೀಲ ಬೇಡ.

ನಿಜವಾದ ಛೌ ನೋಡಬೇಕಿದ್ದರೆ ಚೈತ್ರ ಸಂಕ್ರಾಂತಿಯ ಹೊತ್ತಿಗೆ, ಅಂದರೆ ಏಪ್ರಿಲ್ ನಡುವೆ ಹೋಗಿ. ಶಿವನ ಗಾಜನ್ ಹಬ್ಬದಿಂದ ಶುರುವಾಗಿ ಮೇ ಕೊನೆಯವರೆಗೆ ಊರೂರಲ್ಲಿ ರಾತ್ರಿಯಿಡೀ ಕುಣಿತ ಇರುತ್ತದೆ. ಪುರುಲಿಯಾ ಅಥವಾ ಬರಾಭೂಮ್ ಸ್ಟೇಷನ್ನಿನಲ್ಲಿ ಇಳಿದು ರಸ್ತೆಯಲ್ಲಿ ಬಾಘ್‌ಮುಂಡಿಗೆ ಹೋಗಬಹುದು. ವೇದಿಕೆ ಇರುವುದಿಲ್ಲ, ಬಯಲಲ್ಲಿ ಜನರೇ ಸುತ್ತ ಕೂತು ರಂಗ ಮಾಡುತ್ತಾರೆ. ಧಾಮ್ಸಾ ಮೊದಲು ಗುಡುಗುತ್ತದೆ. ಝುಮುರ್ ಹಾಡಿನಲ್ಲಿ ಬರುವ ಪಾತ್ರ ಯಾರು ಅಂತ ಹೇಳುತ್ತಾರೆ. ಎಲ್ಲರಿಗಿಂತ ಮೊದಲು ಗಣೇಶ ಬರುತ್ತಾನೆ. ಹಗಲಲ್ಲಿ ಚರಿದಾಕ್ಕೆ ಹೋಗಿ ಮುಖವಾಡ ಕೊಳ್ಳಿ, ಚೌಕಾಸಿ ಮಾಡುವ ಮೊದಲು ನೀವು ಕಳೆದ ಆ ವಾರ ನೆನಪಿರಲಿ.

ಬಕೆಟ್ಟಿನಲ್ಲಿ ನೆನೆಯಿಟ್ಟ ಮಣ್ಣು ಈಗ ಮೆತ್ತಗಾಗಿರುತ್ತದೆ. ಮೇಲಿನ ನೀರು ಬಸಿದು, ಚೆನ್ನಾಗಿ ನಾದಿ, ಅದೇ ಹಲಗೆಯ ಮೇಲೆ ಅರ್ಜುನನ ಮುಖ ಶುರು ಮಾಡಿ. ಕಿರಾತನಿಗೆ ಎದುರಾಳಿ ಬೇಕಲ್ಲ.